ಹಲ್ಲಿ ಮಾತಿಗೆ ಇಲಿ ಸಾಕ್ಷಿ

ಕೊತ್ತತ್ತಿಯ ಶಿವಣ್ಣನ ಜೊತೆ ಹಲ್ಲಿಗಳು ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಮಾತು ಬಿಡುವುದು ನಮ್ಮ ಕಡೆ ದೊಡ್ಡ ವಿಷಯವೇನಲ್ಲ. ಬದುವಿನ ಜಗಳಕ್ಕೆ ಅಣ್ಣತಮ್ಮಂದಿರು ಬಿಡುತ್ತಾರೆ, ಬೀಗರೂಟದಲ್ಲಿ ಎಲೆಗೆ ಬರೀ ಮೂಳೆ ಬಿತ್ತೆಂದು ಬೀಗರು ಬಿಡುತ್ತಾರೆ, ಆಮೇಲೆ ಯಾವುದೋ ತಿಥಿಯಲ್ಲಿ ಎದುರುಬದುರು ಕೂತು ಮತ್ತೆ ಆಡುತ್ತಾರೆ. ಹಲ್ಲಿ ಮಾತು ಬಿಟ್ಟರೆ ಯಾರ ತಿಥಿಗೆ ಕಾಯುವುದು? ಶಿವಣ್ಣನ ತಾತ ಹಲ್ಲಿ ಶಕುನ ಹೇಳುತ್ತಿದ್ದ, ಅಪ್ಪನೂ ಹೇಳುತ್ತಿದ್ದ. ಶಿವಣ್ಣ ಮೂವತ್ತು ವರ್ಷ ನೀರುಗಂಟಿಯಾಗಿ ನಾಲೆಯ ತೂಬು ಎತ್ತಿ ಇಳಿಸಿ, ಗದ್ದೆ ಗದ್ದೆಗೂ ನೀರು ಹಂಚಿ ನಿವೃತ್ತನಾಗಿದ್ದ. ಆದರೂ ಊರವರ ಬಾಯಲ್ಲಿ ಅವನು ಹಲ್ಲಿ ಶಿವಣ್ಣನೇ.

ಪದ್ಧತಿ ಬಹಳ ಸರಳ. ಹೆಣ್ಣು ಕೊಡುವುದಿರಲಿ, ಪಾಯ ತೆಗೆಯುವುದಿರಲಿ, ಎತ್ತು ಕೊಳ್ಳುವುದಿರಲಿ, ಎರಡು ಕಡೆಯವರೂ ಅವನ ನಡುಮನೆಗೆ ಬಂದು ಕೂತು, ವಿಷಯ ಹೇಳಿ, ಬಾಯಿ ಮುಚ್ಚಿಕೊಳ್ಳಬೇಕು. ಶಿವಣ್ಣ ಕಂಬಕ್ಕೆ ಒರಗಿ ಕಣ್ಣು ಮುಚ್ಚುತ್ತಾನೆ. ಮೂಡಲ ಗೋಡೆಯ ಹಲ್ಲಿ ಲೊಚಗುಟ್ಟಿದರೆ ಶುಭ. ಪಡುವಲ ಗೋಡೆಯದು ಲೊಚಗುಟ್ಟಿದರೆ ಬೇಡ. ಲೋಟದ ಕಾಫಿ ಆರುವವರೆಗೂ ಎರಡೂ ಸುಮ್ಮನಿದ್ದರೆ ಶಿವಣ್ಣ ಕಣ್ಣು ಬಿಟ್ಟು "ಮಾತಿಲ್ಲ" ಎನ್ನುತ್ತಾನೆ. ಮಾತಿಲ್ಲ ಎಂದ ಮೇಲೆ ಆ ಕೆಲಸ ಅಲ್ಲಿಗೇ ನಿಂತಂತೆ.

ಮೂರು ವರ್ಷದ ಹಿಂದೆ ಮನೆಗೆ ಬಣ್ಣ ಹೊಡೆಸಿದ್ದರು. ಬಣ್ಣದವರು ಪಟದ ಹಿಂದಿದ್ದ ಹಲ್ಲಿ ಮೊಟ್ಟೆಗಳನ್ನು ಗುಡಿಸಿ ಹಾಕಿದ್ದನ್ನು ಶಿವಣ್ಣ ಕಣ್ಣಾರೆ ಕಂಡಿದ್ದ, ತಡೆದಿರಲಿಲ್ಲ. ಆಮೇಲಿಂದ ಗೋಡೆಯ ಮೇಲೆ ಹಲ್ಲಿಗಳು ಓಡಾಡಿದವು, ಹುಳ ಹಿಡಿದವು, ಬಾಲ ಅಲ್ಲಾಡಿಸಿದವು, ಆದರೆ ಒಂದಾದರೂ ಬಾಯಿ ಬಿಡಲಿಲ್ಲ. ಮಕ್ಕಳನ್ನು ಕಳಕೊಂಡ ಸಿಟ್ಟು ಎಂದು ಅವನಿಗೆ ಖಾತ್ರಿಯಾಯಿತು. ಹುಳ ಬರಲೆಂದು ರಾತ್ರಿಯೆಲ್ಲ ಟ್ಯೂಬ್‌ಲೈಟು ಉರಿಸಿದ. ಮತ್ತೆ ಬಣ್ಣ ಎಂದರೆ ಮನೆಯಲ್ಲಿ ರಾದ್ಧಾಂತ ಮಾಡಿದ. ಒಂದು ಬೆಳಗ್ಗೆ ಗೋಡೆಯ ಮುಂದೆ ನಿಂತು ಎರಡೂ ಕೈ ಮುಗಿದು ತಪ್ಪಾಯ್ತು ಎಂದು ಕೇಳಿಕೊಳ್ಳುತ್ತಿದ್ದುದನ್ನು ಪಕ್ಕದ ಮನೆಯ ವೀಣ ನೋಡಿ, ಆ ಗೋಡೆಯಲ್ಲಿ ದೇವರು ಮೂಡಿದೆಯೆಂದು ತಾನೂ ಕೈ ಮುಗಿದು ಹೋಗಿದ್ದಳು.

ನಿಜ ಹೇಳಬೇಕೆಂದರೆ ಆ ಮನೆಯ ಹಲ್ಲಿಗಳು ಮೂರು ವರ್ಷದಲ್ಲಿ ಒಂದು ದಿನವೂ ಸುಮ್ಮನಿರಲಿಲ್ಲ. ಲೊಚಗುಟ್ಟಿದ್ದೇ ಲೊಚಗುಟ್ಟಿದ್ದು. ಬಂದವರಿಗೆಲ್ಲ ಕೇಳುತ್ತಿತ್ತು, ಶಿವಣ್ಣನ ಹೆಂಡತಿ ದೇವಿರಮ್ಮನಿಗೆ ಕೇಳುತ್ತಿತ್ತು, ಬಾಗಿಲಲ್ಲಿ ಮಲಗಿದ್ದ ನಾಯಿಗೂ ಕೇಳುತ್ತಿತ್ತು. ಅರವತ್ತೆಂಟು ವರ್ಷದ ಶಿವಣ್ಣನ ಕಿವಿಗೆ ಮಾತ್ರ ಇಲ್ಲ. ಅವನಿಗೆ ಎಮ್ಮೆಯ ಕೂಗು ಕೇಳುತ್ತಿತ್ತು, ಬಸ್ಸಿನ ಹಾರನ್ನು ಕೇಳುತ್ತಿತ್ತು, ಹೆಂಡತಿ ಬೈಯುವುದು ಒಂದಕ್ಷರ ತಪ್ಪದೆ ಕೇಳುತ್ತಿತ್ತು. ಹೀಗಿರುವಾಗ ತನ್ನ ಕಿವಿಯ ಮೇಲೆ ಯಾರು ತಾನೆ ಅನುಮಾನ ಪಡುತ್ತಾರೆ?

ಉಳಿದವರು ಯಾಕೆ ಹೇಳಲಿಲ್ಲ ಎಂದರೆ, ಹೇಳುವ ಧೈರ್ಯ ಯಾರಿಗಿದೆ? ತಲೆಯ ಮೇಲೆ ಹಲ್ಲಿ ಲೊಚ್ ಲೊಚ್ ಎನ್ನುತ್ತಿರುವಾಗ ಶಿವಣ್ಣ ಗಂಭೀರವಾಗಿ ಮಾತಿಲ್ಲ ಎಂದರೆ, ಅದು ಮಾತಿನ ಲೆಕ್ಕಕ್ಕೆ ಸೇರದ ಲೊಚಗುಟ್ಟಿಕೆ ಎಂದೇ ಹೆಂಡತಿಯೂ ತಿಳಿದಳು, ಬಂದವರೂ ತಿಳಿದರು. ಅವನ ಹೆಸರು ದಿನದಿಂದ ದಿನಕ್ಕೆ ಏರಿತು. ಮೊದಲು ಒಂದಕ್ಕೆ ಶುಭ, ಒಂದಕ್ಕೆ ಬೇಡ ಎನ್ನುತ್ತಿದ್ದಾಗ ಅಕ್ಕಪಕ್ಕದ ನಾಲ್ಕು ಹಳ್ಳಿಯವರು ಬರುತ್ತಿದ್ದರು. ಎಲ್ಲದಕ್ಕೂ ಮಾತಿಲ್ಲ ಎನ್ನತೊಡಗಿದ ಮೇಲೆ ಮದ್ದೂರು ತಾಲ್ಲೂಕಿನ ಕೊಪ್ಪದಿಂದಲೂ ಬಂದರು. ಒಬ್ಬ ಇಂಜಿನಿಯರೇ ಬಂದ. ಮದ್ದೂರಿನ ರಘುನಂದನ್ ಎಂಬ ಆ ಇಂಜಿನಿಯರು ತನ್ನ ಭಾಮೈದನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು, ಇಬ್ಬರೂ ಸೇರಿ ಕೋಳಿ ಫಾರಂ ಮಾಡಬಹುದೋ ಎಂದು ಕೇಳಿದ. ಮಾತಿಲ್ಲ ಎಂದಾಗ ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಭಾಮೈದನೇ ಅವನನ್ನು ಸಮಾಧಾನ ಮಾಡಬೇಕಾಯಿತು. ವಾರದ ಮೇಲೆ ಅದೇ ಇಂಜಿನಿಯರು ಶಿವಣ್ಣನಿಗೆ ಒಂದು ಗೊನೆ ಬಾಳೆಹಣ್ಣು ಕಳಿಸಿದ. ಅಷ್ಟು ದುಃಖದಲ್ಲೂ ನೆನೆಸಿಕೊಂಡನಲ್ಲ ಎಂದು ಶಿವಣ್ಣನ ಕಣ್ಣು ತುಂಬಿತು.

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು, ಮಗಳು ಚಂದನಳ ಮದುವೆಯ ಮಾತು ಬರದಿದ್ದರೆ.

ಚಂದನ ಎಮ್ಮೆಸ್ಸಿ ಓದಿ ಮಂಡ್ಯದ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಓದುವಾಗಲೇ ಪರಿಚಯವಾದ ಸ್ವರೂಪ್ ಎಂಬ ಹುಡುಗ ಈಗ ಮಳವಳ್ಳಿಯ ಕಾಲೇಜೊಂದರಲ್ಲಿ ಲೆಕ್ಚರರು. ಒಂದೇ ಜನ, ಗೋತ್ರ ಅಡ್ಡ ಬರುವುದಿಲ್ಲ, ಹುಡುಗ ಹುಡುಗಿ ಒಪ್ಪಿದ್ದಾರೆ, ಹುಡುಗನ ಅಪ್ಪ ನಾಗರಾಜು ಒಪ್ಪಿದ್ದಾನೆ. ಆದರೆ ಆ ಮನೆಯ ಯಜಮಾನಿಕೆ ಹುಡುಗನ ಅಜ್ಜಿ ಪಟ್ಟಲಮ್ಮನದು. ಎಂಬತ್ತರ ಹತ್ತಿರದ ಪಟ್ಟಲಮ್ಮ, ಹಲ್ಲಿ ಮಾತಾಡದೆ ತಮ್ಮ ಮನೆಯಲ್ಲಿ ಯಾವ ಮದುವೆಯೂ ಆಗಿಲ್ಲ, ಆಗುವುದೂ ಇಲ್ಲ ಎಂದುಬಿಟ್ಟಳು. ಮಳವಳ್ಳಿಯವರು ಮೂರು ಸಲ ಬಂದರು. ಮೂರು ಸಲವೂ ಶಿವಣ್ಣ ಕಣ್ಣು ಮುಚ್ಚಿ, ಹಣೆಯ ಮೇಲೆ ಬೆವರು ಬರುವವರೆಗೂ ಕಾದು, ಸ್ವಂತ ಮಗಳ ಮದುವೆಗೇ ಮಾತಿಲ್ಲ ಎಂದ. ಊರು ಬೆಚ್ಚಿಬಿದ್ದಿತು. ಹೆತ್ತ ಮಗಳಿಗೇ ರಿಯಾಯಿತಿ ತೋರಿಸದ ಗಂಡಸು ಎಂದು ಅವನ ಕೀರ್ತಿ ಟಿ. ನರಸೀಪುರದ ಗಡಿಯವರೆಗೂ ಹೋಯಿತು. ಮನೆಯೊಳಗೆ ಮಾತ್ರ ದೇವಿರಮ್ಮ ಮುದ್ದೆಯನ್ನು ತಟ್ಟೆಗೆ ಇಡುತ್ತಿರಲಿಲ್ಲ, ಎಸೆಯುತ್ತಿದ್ದಳು.

ಮೂರನೇ ಸಲ ಎದ್ದು ಹೋಗುವಾಗ ಪಟ್ಟಲಮ್ಮ ಹೊಸ್ತಿಲಲ್ಲಿ ನಿಂತು, ಶ್ರಾವಣದ ಎರಡನೇ ಬುಧವಾರ ಮತ್ತೆ ಬರುವುದಾಗಿ ಹೇಳಿದಳು. ಅದೇ ಕೊನೆ. ಅವತ್ತೂ ಮಾತಿಲ್ಲವೆಂದರೆ ಬನ್ನೂರಿನ ಕಡೆ ಒಂದು ಹೆಣ್ಣು ನೋಡಿಟ್ಟಿದ್ದಾರೆ, ಅಲ್ಲಿಗೆ ಎಲೆ ಅಡಿಕೆ ಕೊಂಡೊಯ್ಯುತ್ತಾರೆ. ಅವತ್ತಿನಿಂದ ಶಿವಣ್ಣನಿಗೆ ಅನ್ನ ಇಳಿಯಲಿಲ್ಲ. ಸುಮ್ಮನೆ ಶುಭ ಎಂದುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಳ್ಳಗದ್ದೆಗೆ ಒಂದು ಗೇಣು ನೀರು ಬಿಡದ ನೀರುಗಂಟಿ ಅವನು. ಕೇಳದ್ದನ್ನು ಕೇಳಿತು ಎನ್ನುವುದು ಅವನ ಜಾಯಮಾನಕ್ಕೆ ಬರಲಿಲ್ಲ.

ಅಂಥ ಒಂದು ಭಾನುವಾರ ಚಂದನ ತನ್ನ ಕೆಲಸದ ವಿಷಯ ತೆಗೆದಳು. ಅವಳ ಕೆಲಸ ಇಲಿಗಳದು. ವಯಸ್ಸಾದಂತೆ ಕಿವಿ ಯಾಕೆ ಮಂದವಾಗುತ್ತದೆ, ಒಳಕಿವಿಯಲ್ಲಿ ಏನು ಕೆಡುತ್ತದೆ ಎಂದು ಇಲಿಗಳನ್ನು ಸಾಕಿ ನೋಡುತ್ತಾರೆ. ಇಲಿ ಕಿವಿ ನೋಡುವುದಕ್ಕೆ ಎಮ್ಮೆಸ್ಸಿ ಓದಬೇಕಿತ್ತಾ ಎಂದು ದೇವಿರಮ್ಮ ಕೇಳಿದಳು.

"ಮನುಷ್ಯನ ಕಿವಿ ಹೋಗಕ್ಕೆ ಅರವತ್ತು ಎಪ್ಪತ್ತು ವರ್ಷ ಬೇಕು ಕಣಮ್ಮ. ಇಲಿಗೆ ಎರಡು ವರ್ಷಕ್ಕೇ ಮುಪ್ಪು. ಅದಕ್ಕೆ ಇಲಿ," ಎಂದಳು ಚಂದನ.

"ಅಷ್ಟ್ಯಾಕ್ ಕಷ್ಟ? ನಿಮ್ಮಪ್ಪನ್ನೇ ಕರ್ಕೊಂಡೋಗಿ ಬೋನಲ್ ಕೂರ್ಸು. ನಾನ್ ಹೇಳಿದ್ದು ನಲವತ್ ವರ್ಸದಿಂದ ಕಿವಿಗೇ ಹಾಕ್ಕಂಡಿಲ್ಲ," ಎಂದಳು ದೇವಿರಮ್ಮ.

ಶಿವಣ್ಣ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಹಿಡಿದುಕೊಂಡದ್ದು ಮಗಳ ಇನ್ನೊಂದು ಮಾತು. ಅವರಲ್ಲಿ ಒಂದು ಕೋಣೆ ಇದೆಯಂತೆ. ಹೊರಗಿನ ಸದ್ದು ಒಳಗೆ ನುಸುಳುವುದಿಲ್ಲ, ಒಳಗೆ ಸೊಳ್ಳೆ ರೆಕ್ಕೆ ಬಡಿದರೂ ಯಂತ್ರ ಹಿಡಿಯುತ್ತದಂತೆ. ಶಿವಣ್ಣನ ತಲೆ ಓಡಿತು. ಸಿಟ್ಟಾದ ಮನುಷ್ಯ ಗೊಣಗುವಂತೆ ಹಲ್ಲಿಗಳೂ ಬಾಯೊಳಗೇ ಗೊಣಗುತ್ತಿರಬಹುದು. ಆ ಕೋಣೆಯಲ್ಲಿ ಕೂರಿಸಿದರೆ ಕೇಳಿಯೇ ಕೇಳುತ್ತದೆ.

ಮಾರನೇ ಬೆಳಗ್ಗೆ ಅವನು ಮೂಡಲ ಗೋಡೆಯ ಹಿರಿಯ ಹಲ್ಲಿಯನ್ನು, ಕ್ಷಮಾಪಣೆ ಕೇಳಿಕೊಂಡೇ, ಪೊರಕೆಯಿಂದ ಒಂದು ಬಿಸ್ಕತ್ತು ಡಬ್ಬಕ್ಕೆ ಇಳಿಸಿದ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಡಬ್ಬವನ್ನು ಕೈಚೀಲದಲ್ಲಿಟ್ಟ. ಯಾರಾದರೂ ಇಣುಕಿದರೆ ಕಾಣಬಾರದೆಂದು ಮೇಲೆ ಮಗಳಿಗೆಂದು ವಡೆಯ ಪೊಟ್ಟಣ ಇಟ್ಟು ಮಂಡ್ಯದ ಬಸ್ಸು ಹತ್ತಿದ.

ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು, ಮುಕ್ಕಾಲು ಪಾಲು ಹೆಂಗಸರು. ಕಂಡಕ್ಟರು ದಿನಾ ಹೇಳುವ ಮಾತನ್ನೇ ಹೇಳಿದ. ಹಿಂದೆ ಇನ್ನೊಂದು ಬಸ್ಸು ಖಾಲಿ ಬರುತ್ತಿದೆ, ಅದಕ್ಕೆ ಹತ್ತಿ. ಅವನು ಬಾಯಿ ಮುಚ್ಚುವುದಕ್ಕೂ ಚೀಲದೊಳಗಿಂದ ಹಲ್ಲಿ ಲೊಚಗುಟ್ಟುವುದಕ್ಕೂ ಸರಿಯಾಯಿತು. ಬಸ್ಸಿನ ಹೆಂಗಸರೆಲ್ಲ ಗೆಣ್ಣಿನಿಂದ ಸೀಟಿನ ಕಂಬಿಗೆ ಟಕಟಕ ಬಡಿದು ಕೃಷ್ಣ ಕೃಷ್ಣ ಎಂದರು. ಸತ್ಯ ಹೇಳುತ್ತಿದ್ದಾನೆ ಎಂದು ಹದಿನೈದು ಜನ ಇಳಿದೇ ಬಿಟ್ಟರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಆ ಮಾತನ್ನು ಯಾರೂ ನಂಬಿದ್ದನ್ನು ಕಾಣದ ಕಂಡಕ್ಟರು ಸೀಟಿ ಊದುವುದನ್ನೇ ಮರೆತು ನಿಂತ. ಸ್ವಲ್ಪ ದೂರ ಹೋದ ಮೇಲೆ ಒಬ್ಬ ಗಂಡಸು ಫೋನಿನಲ್ಲಿ, ನಾಳೆ ಖಂಡಿತ ಬಂದು ಕೆಲಸ ಮುಗಿಸಿಕೊಡುತ್ತೇನೆ ಎಂದ. ಎಲ್ಲರೂ ಕಿವಿಗೊಟ್ಟು ಕಾದರು. ಹಲ್ಲಿ ಸುಮ್ಮನಿತ್ತು. ಆ ಮನುಷ್ಯ ಮಂಡ್ಯ ತಲುಪುವವರೆಗೂ ಯಾರ ಮುಖವನ್ನೂ ನೋಡಲಿಲ್ಲ.

ಶಿವಣ್ಣನಿಗೆ ಇದಾವುದೂ ತಿಳಿಯಲಿಲ್ಲ. ಹೆಂಗಸರಿಗೆ ಟಿಕೆಟ್ಟು ಇಲ್ಲವೆಂದ ಮೇಲೆ ಹೀಗೆ ಕಂಬಿ ಬಡಿಯುವ ಹೊಸ ಪದ್ಧತಿಯೇನೋ ಬಂದಿರಬೇಕು ಎಂದುಕೊಂಡ.

ಸಂಶೋಧನಾ ಕೇಂದ್ರದ ಬಾಗಿಲಲ್ಲಿ ಕಾವಲಿನವನು ತಡೆದ. ಚಂದನ ಬಂದು, ತನ್ನ ಮೇಲಿನ ಅಧಿಕಾರಿ ದೀಪಿಕ ಮೇಡಮ್ಮಿಗೆ ಹೇಳಿ, ಅಪ್ಪನನ್ನು ಆಚೆ ಕೋಣೆಯವರೆಗೆ ಕರೆದುಕೊಂಡು ಹೋದಳು. ಇಲಿಗಳ ಮನೆಗೆ ಹೊರಗಿನವರು ಹೋಗುವಂತಿಲ್ಲ, ಇಲ್ಲೇ ಕೂತು ಒಂದು ಪರೀಕ್ಷೆ ನೋಡಬಹುದು ಎಂದು ಮೇಡಮ್ಮು ಅಪ್ಪಣೆ ಕೊಟ್ಟಿದ್ದರು. ಶಿವಣ್ಣ ಸ್ಟೂಲಿನ ಮೇಲೆ ಕೂತು ಚೀಲವನ್ನು ಕಾಲ ಬಳಿ ಇಟ್ಟುಕೊಂಡ. ಎದುರಿನ ಮೇಜಿನ ಮೇಲೆ ಎರಡು ಗಾಜಿನ ಪೆಟ್ಟಿಗೆ. ಒಂದರಲ್ಲಿ ಎರಡು ತಿಂಗಳ ಇಲಿ, ನುಣ್ಣಗೆ ಮಿಂಚುತ್ತಿತ್ತು. ಇನ್ನೊಂದರಲ್ಲಿ ಎರಡು ವರ್ಷದ ಮುದಿ ಇಲಿ. ಬೆನ್ನಿನ ಕೂದಲು ಅಲ್ಲಲ್ಲಿ ಉದುರಿತ್ತು, ಹೊಟ್ಟೆ ಜೋತಿತ್ತು. ಅದು ಮುಂಗಾಲಿನಲ್ಲಿ ಒಂದು ಕಾಳು ಹಿಡಿದುಕೊಂಡು ಲೋಕದ ಗೊಡವೆಯೇ ಬೇಡವೆಂದು ತಿನ್ನುತ್ತಿತ್ತು. ಬೆಳಗ್ಗೆಯಿಂದ ಬರೀ ಹೊಟ್ಟೆಯಲ್ಲಿದ್ದ ಶಿವಣ್ಣನಿಗೂ ಹಸಿವಾಗಿ, ಪೊಟ್ಟಣ ಬಿಚ್ಚಿ ಒಂದು ವಡೆ ಮುರಿದ.

ಚಂದನ ಒಂದು ಗುಂಡಿ ಒತ್ತಿದಳು. ಮರಿ ಇಲಿಯ ಎರಡೂ ಕಿವಿ ಪಟಕ್ಕನೆ ಹಿಂದಕ್ಕೆ ಹೋಗಿ ಬಂದವು. ಮುದಿ ಇಲಿ ಕಾಳು ತಿನ್ನುತ್ತಲೇ ಇತ್ತು. ಗುಂಡಿ ಕೆಟ್ಟುಹೋಗಿದೆ, ಸದ್ದೇ ಬರಲಿಲ್ಲ ಎಂದು ಶಿವಣ್ಣ ವಡೆ ಅಗಿಯುತ್ತ ಹೇಳಿದ. ಅದು ಬಹಳ ಕೀರಲು ಸದ್ದು, ಮನುಷ್ಯರಿಗೆ ಕೇಳುವುದಿಲ್ಲ ಎಂದು ಚಂದನ ಹೇಳಿ, ಕಾಗದದ ಮೇಲೆ ಬರೆದುಕೊಳ್ಳತೊಡಗಿದಳು.

ಆಗ ಕೈಚೀಲದೊಳಗಿನ ಹಲ್ಲಿ, ಬಸ್ಸಿನ ಸುಸ್ತು ತೀರಿತೋ ಏನೋ, ನಾಲ್ಕು ಸಲ ಗಟ್ಟಿಯಾಗಿ ಲೊಚಗುಟ್ಟಿತು.

ಮರಿ ಇಲಿ ಬೆಚ್ಚಿ ಕಿವಿ ನಿಮಿರಿಸಿತು. ಚಂದನಳ ಪೆನ್ನು ನಿಂತಿತು. ಬಾಗಿಲಲ್ಲಿದ್ದ ದೀಪಿಕ ಮೇಡಮ್ಮು ತಲೆ ಎತ್ತಿ ಸೂರು ನೋಡಿದರು. ಮುದಿ ಇಲಿ ಕಾಳು ತಿನ್ನುತ್ತಿತ್ತು. ಶಿವಣ್ಣ ವಡೆ ತಿನ್ನುತ್ತಿದ್ದ.

ಚಂದನ ಒಂದು ಸಲ ಮುದಿ ಇಲಿಯನ್ನು ನೋಡಿದಳು, ಒಂದು ಸಲ ಅಪ್ಪನನ್ನು ನೋಡಿದಳು. ಮತ್ತೆ ಇಲಿಯನ್ನು ನೋಡಿದಳು. ಚೀಲದಲ್ಲಿ ಏನಿದೆ ಎಂದು ಮೆಲ್ಲಗೆ ಕೇಳಿದಳು.

"ಹಲ್ಲಿ ಕಣವ್ವ," ಎಂದ ಶಿವಣ್ಣ ತಲೆ ತಗ್ಗಿಸಿ. "ಮೂರ್ ವರ್ಸ ಆಯ್ತು, ಒಂದೂ ನನ್ ತಾವ ಮಾತಾಡ್ತಿಲ್ಲ. ಯಾರ್ಗೂ ಹೇಳ್ಬ್ಯಾಡ."

"ಈಗ ತಾನೆ ನಾಲ್ಕು ಸಲ ಲೊಚಗುಟ್ತಲ್ಲಪ್ಪ."

ವಡೆ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತು. ಇಲ್ಲಿ ತಿನ್ನುವಂತಿಲ್ಲ ಎಂದು ಹೇಳಲು ಬಂದ ದೀಪಿಕ ಮೇಡಮ್ಮು ಆ ಮುಖ ನೋಡಿ ಹಿಂದೆ ಸರಿದರು.

ಚಂದನ ಗೋಡೆಯ ಚಿತ್ರ ತೋರಿಸಿ ಬಿಡಿಸಿ ಹೇಳಿದಳು. ಒಳಕಿವಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುತ್ತದೆ. ಒಳಗೆ ಕೂದಲಿನಂಥ ಎಳೆಗಳಿರುವ ಸಣ್ಣ ಸಣ್ಣ ಜೀವಕೋಶಗಳ ಸಾಲು. ಚಿಪ್ಪಿನ ಬಾಯಲ್ಲಿರುವವು ಹಲ್ಲಿಯ ದನಿಯಂಥ ಸಣ್ಣ ಸದ್ದು ಹಿಡಿಯುತ್ತವೆ, ಒಳಗಿನ ತುದಿಯಲ್ಲಿರುವವು ಎಮ್ಮೆಯ ಕೂಗಿನಂಥ ದಪ್ಪ ಸದ್ದು ಹಿಡಿಯುತ್ತವೆ. ವಯಸ್ಸಾದಂತೆ ಬಾಯಲ್ಲಿರುವವು ಮೊದಲು ಸಾಯುತ್ತವೆ. ಸತ್ತದ್ದು ಮತ್ತೆ ಚಿಗುರುವುದಿಲ್ಲ. ಇಲಿಗೂ ಅಷ್ಟೇ, ಮನುಷ್ಯನಿಗೂ ಅಷ್ಟೇ.

ನೀರುಗಂಟಿಗೆ ಅರ್ಥವಾಯಿತು. "ನಾಲೇಲಿ ಕೊನೆ ಗದ್ದೆ ಒಣಗ್ತದೆ. ಕಿವೀಲಿ ತಲೆ ಗದ್ದೆ ಒಣಗ್ತದೆ ಅನ್ನು," ಎಂದ. ಸ್ವಲ್ಪ ಹೊತ್ತು ಮುದಿ ಇಲಿಯನ್ನೇ ನೋಡಿದ. ಕೈಯ ವಡೆಯನ್ನು ಪೊಟ್ಟಣಕ್ಕೆ ವಾಪಸು ಹಾಕಿದ. "ಮೂರ್ ಸಲ ನಿನ್ ಮದ್ವೆ ನಾನೇ ತಪ್ಪಿಸ್ದ್ನಲ್ಲ ಮಗಾ."

ಚಂದನ ಕೈಯಲ್ಲಿದ್ದ ಕಾಗದ ಕೆಳಗಿಟ್ಟು, ಬುಧವಾರ ಇನ್ನೂ ಇದೆಯಲ್ಲ ಎಂದಷ್ಟೇ ಹೇಳಿದಳು.

ಅವತ್ತೇ ಅವನನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ, ಕಡಲೆಕಾಯಿಯಷ್ಟು ದೊಡ್ಡ ಕಿವಿಯ ಮಿಷನ್ನಿಗೆ ಅಳತೆ ಕೊಡಿಸಿದಳು. ಶಿವಣ್ಣ ಒಂದೇ ಷರತ್ತು ಹಾಕಿದ. ಊರಲ್ಲಿ ಯಾರಿಗೂ ತಿಳಿಯಬಾರದು. ತಿಳಿದರೆ ಅವನ 'ಮಾತಿಲ್ಲ'ದಿಂದ ಮುರಿದುಬಿದ್ದ ಅಷ್ಟೂ ಮದುವೆಗಳು, ನಿಂತುಹೋದ ಅಷ್ಟೂ ಪಾಯಗಳು, ಆ ಕೋಳಿ ಫಾರಂ ಸಮೇತ, ಬಾಗಿಲಿಗೆ ಬಂದು ನಿಲ್ಲುತ್ತವೆ. ಆ ಇಂಜಿನಿಯರಿಗೆ ಏನೆಂದು ಮುಖ ತೋರಿಸುವುದು? ಅವನ ಬಾಳೆಹಣ್ಣು ಬೇರೆ ತಿಂದಾಗಿದೆ.

ಡಬ್ಬದ ಹಲ್ಲಿ ಮೂಡಲ ಗೋಡೆಗೆ ವಾಪಸಾಯಿತು, ಬುಧವಾರವೂ ಬಂದಿತು. ಹಿಂದಿನ ದಿನವಷ್ಟೇ ಕೈಗೆ ಬಂದ ಮಿಷನ್ನು ಬಲಗಿವಿಯಲ್ಲಿ, ಅದರ ಮೇಲೆ ತಲೆಗೆ ಟವಲ್ಲು ಬಿಗಿಯಾಗಿ ಸುತ್ತಿ ಶಿವಣ್ಣ ನಡುಮನೆಗೆ ಬಂದ. ಮಳವಳ್ಳಿಯವರು ಚಾಪೆಯ ಮೇಲೆ ಕೂತಿದ್ದರು. ನಡುವೆ ಪಟ್ಟಲಮ್ಮ, ಒಂದು ಪಕ್ಕ ಮಗ ನಾಗರಾಜು ಮತ್ತು ಸೊಸೆ, ಇನ್ನೊಂದು ಪಕ್ಕ ಸ್ವರೂಪ್. ಗೋಡೆಯುದ್ದಕ್ಕೂ ಊರವರು. ಹೆತ್ತ ಮಗಳಿಗೆ ನಾಲ್ಕನೇ ಸಲ ಇಲ್ಲ ಎನ್ನುವುದನ್ನು ನೋಡಲು ಕೆಲಸ ಬಿಟ್ಟು ಬಂದಿದ್ದರು. ಶಿವಣ್ಣ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ.

ದೇವರೇ, ಏನು ಗದ್ದಲ. ಬಳೆಯ ಸದ್ದು, ಪೇಪರು ಮಡಿಸುವ ಸದ್ದು, ಯಾರೋ ಮೂಗು ಎಳೆಯುವ ಸದ್ದು, ತನ್ನದೇ ಟವಲ್ಲು ಕಿವಿಗೆ ಉಜ್ಜುವ ಸದ್ದು. ಅದರ ಮಧ್ಯೆ ಮೂಡಲ ಗೋಡೆಯಲ್ಲಿ ಲೊಚ್ ಎಂದಿತು. ಶಿವಣ್ಣನ ಮೈ ಜುಮ್ಮೆಂದಿತು, ಕಣ್ಣಂಚು ಒದ್ದೆಯಾಯಿತು. ಶುಭ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಪಡುವಲ ಗೋಡೆಯದು ಲೊಚ್ ಎಂದಿತು. ಮತ್ತೆ ಮೂಡಲದ್ದು. ಮತ್ತೆ ಪಡುವಲದ್ದು ಎರಡು ಸಲ. ಹೊರಗೆ ಯಾರೋ ದನಕ್ಕೆ 'ಹೈ' ಎಂದದ್ದಕ್ಕೂ ಒಂದು ಲೊಚ್. ಇಷ್ಟು ಹರಟೆ ಹೊಡೆಯುವ ಪ್ರಾಣಿಗಳು ಎಂದು ಅವನಿಗೆ ಮರೆತೇ ಹೋಗಿತ್ತು. ತಾತ, ಅಪ್ಪ, ಅಷ್ಟೇಕೆ ಮೊದಲು ತಾನೇ ಇದರಲ್ಲಿ ಅದು ಹೇಗೆ ತೀರ್ಪು ಹುಡುಕುತ್ತಿದ್ದನೋ ಎಂದು ಕಂಗಾಲಾದ.

ಆಗ ಅಡಿಗೆಮನೆಯಿಂದ ವೀಣ ದೇವಿರಮ್ಮನಿಗೆ ಪಿಸುಗುಟ್ಟಿದ್ದು ಕಿವಿಯ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳಿತು.

"ಈಗೀಗ ಊರಿಗೆಲ್ಲ ಗೊತ್ತು ಬುಡಕ್ಕ, ಅಣ್ಣಂಗೆ ಹಲ್ಲಿ ಕೇಳಾಕಿಲ್ಲ. ಒಲ್ಲದ ಸಂಬಂಧ ಅಂದ್ರೆ ಸಾಕು, ಇಲ್ಲಿಗ್ ಕರ್ಕೊಂಡ್ಬತ್ತಾರೆ. ಇಲ್ಲ ಅನ್ನೋ ನಿಷ್ಠೂರ ಅಣ್ಣನ ತಲೆ ಮ್ಯಾಲೆ. ಆ ಇಂಜಿನಿಯರು ಬಾಳೆಗೊನೆ ಕಳ್ಸಿದ್ದು ಯಾಕಂದ್ಕೊಂಡೆ?"

ಶಿವಣ್ಣ ಕಣ್ಣು ಬಿಟ್ಟ. ಮುಖಕ್ಕೆ ರಕ್ತವೆಲ್ಲ ನುಗ್ಗಿತು. ಮೂರು ವರ್ಷದ ಕೀರ್ತಿ ಎಂದರೆ ಇದು. ನಂಟಸ್ತಿಕೆ ಮುರಿಯದೆ ಬೇಡ ಎನ್ನಲು ಊರವರು ಇಟ್ಟುಕೊಂಡ ಕಂಬ ತಾನು. ಹಾಗಾದರೆ ಎದುರಿಗೆ ಕೂತ ಮಳವಳ್ಳಿಯವರು? ಇವರೂ ಅದಕ್ಕೇ ಬಂದವರೋ? ಇನ್ನು ತಡೆಯಲು ಅವನಿಂದ ಆಗಲಿಲ್ಲ.

"ಅಮ್ಮ," ಎಂದ ಪಟ್ಟಲಮ್ಮನ ಕಡೆ ತಿರುಗಿ. "ನನ್ ಮಗ್ಳು ಬ್ಯಾಡ ಅಂತಿದ್ರೆ ಹಲ್ಲಿ ಮ್ಯಾಲೆ ಹಾಕ್ಬ್ಯಾಡಿ. ಬಾಯ್ಬುಟ್ಟು ಹೇಳ್ಬುಡಿ, ನಾನೇನೂ ಅಂದ್ಕೊಳಾಕಿಲ್ಲ."

ತೀರ್ಪಿನ ಮಧ್ಯೆ ಶಿವಣ್ಣ ಮಾತಾಡಿದ್ದನ್ನು ಯಾರೂ ಕಂಡವರಿರಲಿಲ್ಲ. ನಾಗರಾಜು ಎದ್ದು ನಿಂತ. ಪಟ್ಟಲಮ್ಮ ಕೈ ಸನ್ನೆಯಲ್ಲೇ ಅವನನ್ನು ಕೂರಿಸಿದಳು.

"ಬ್ಯಾಡ ಅನ್ನೋರು ಮಳವಳ್ಳಿಯಿಂದ ನಾಕ್ ಸಲ ಬಸ್ಸತ್ಕೊಂಡ್ ಬತ್ತಾರಾ? ಕೇಳ್ ಸಿವಣ್ಣ. ನಮ್ಮೂರಲ್ ಎಲ್ರೂ ಹಲ್ಲಿ ಮಾತಾಡ್ತು ಮಾತಾಡ್ತು ಅಂತಾರೆ. ಸುಳ್ಳು. ಹತ್ ವರ್ಸದಿಂದ ಯಾವ ಹಲ್ಲೀನೂ ಮಾತಾಡಿಲ್ಲ. ನಾನ್ ಕಿವಿಗೊಟ್ಟು ಕೇಳೀನಿ. ಇಲ್ದಿದ್ದನ್ನ ಇಲ್ಲ ಅನ್ನೋ ಗಂಡ್ಸು ಈ ಸೀಮೇಲಿ ನೀನೊಬ್ನೇ ಕಣಪ್ಪ. ಅಂಥಾ ಮನೆ ಹೆಣ್ಣು ಬೇಕು ಅಂತ್ಲೇ ಸುತ್ತಾ ಇವ್ನಿ."

ಅವಳ ತಲೆಯ ನೇರಕ್ಕೆ ಸೂರಿನಲ್ಲಿ ಒಂದು ಹಲ್ಲಿ ಲೊಚ್ ಲೊಚ್ ಎಂದಿತು. ಚಾಪೆಯ ಮೇಲಿದ್ದ ಎಲ್ಲರ ತಲೆಯೂ ಮೇಲಕ್ಕೆ ಹೋಯಿತು. ಪಟ್ಟಲಮ್ಮ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಮೆಲ್ಲಗೆ ಜಗಿಯುತ್ತಿದ್ದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಂದನ ಅಪ್ಪನನ್ನು ನೋಡಿದಳು. ಅಪ್ಪ ಮಗಳನ್ನು ನೋಡಿದ. ಇಬ್ಬರಿಗೂ ಮಂಡ್ಯದ ಗಾಜಿನ ಪೆಟ್ಟಿಗೆ ನೆನಪಾಯಿತು.

ಶಿವಣ್ಣ ತಲೆಯ ಟವಲ್ಲು ಬಿಚ್ಚಿದ. ಅಷ್ಟೂ ಜನರೆದುರು ಕಿವಿಯಿಂದ ಮಿಷನ್ನು ತೆಗೆದು ಅಂಗೈ ಮೇಲೆ ಇಟ್ಟುಕೊಂಡ.

"ಹಲ್ಲಿ ಸುಮ್ನಿರ್ಲಿಲ್ಲ ಕಣಮ್ಮ. ಮೂರ್ ವರ್ಸದಿಂದ ಮಾತಾಡ್ತಾನೇ ಇದ್ವು. ನಂಗ್ ಕೇಳ್ತಿರ್ಲಿಲ್ಲ, ಅಷ್ಟೆ."

ಗೋಡೆಗೆ ಒರಗಿದ್ದವರೆಲ್ಲ ನೆಲ ನೋಡತೊಡಗಿದರು. ಶಿವಣ್ಣ ಎದ್ದು ಹೋಗಿ ಪಟ್ಟಲಮ್ಮನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅದು ನಿನ್ನ ಕಿವಿಗೆ ಅಳತೆ ಮಾಡಿದ್ದು, ಬೇರೆಯವರಿಗೆ ಹಾಕಬಾರದು ಎಂದು ಚಂದನ ಹೇಳುತ್ತಿದ್ದಂತೆಯೇ ಅದನ್ನು ಒರೆಸಿ ಮುದುಕಿಯ ಕಿವಿಗೆ ಇಟ್ಟ. ಸೂರಿನ ಹಲ್ಲಿ, ಅದಕ್ಕೂ ಈ ಹೊತ್ತಿನ ಬೆಲೆ ಗೊತ್ತಾಯಿತೆಂದು ನಾನಂತೂ ಹೇಳುವುದಿಲ್ಲ, ಮತ್ತೆ ಲೊಚಗುಟ್ಟಿತು.

ಪಟ್ಟಲಮ್ಮನ ದವಡೆ ನಿಂತಿತು. ಕೈ ಎದೆಗೆ ಹೋಯಿತು.

"ಅಯ್ಯೋ ನನ್ನಪ್ಪ," ಎಂದಳು. "ಮಾತಾಡ್ತಾ ಅದೆ. ನಮ್ ಯಜಮಾನ್ರು ಇದ್ದಾಗ ಕೇಳಿದ್ದು ಕಣಪ್ಪ, ಇದೇ ದನಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದಿನಿಂದ ಅವಳ ಸೊಸೆ ಗಂಡನ ಕಡೆ ಬಾಗಿ, ಇನ್ನು ಮುದುಕಿಗೆ ಮನೆಯಲ್ಲಿ ಆಡುವುದೆಲ್ಲ ಕೇಳುತ್ತದೆ, ಮುಗೀತು ಎಂದು ಪಿಸುಗುಟ್ಟಿದಳು. ಪಟ್ಟಲಮ್ಮ ತಿರುಗದೆಯೇ, "ಊಂ ಕಣವ್ವ, ಕೇಳ್ತದೆ," ಎಂದಳು. ಸೊಸೆ ಒಂದು ಮಾರು ದೂರ ಸರಿದು ಕೂತಳು.

ಚಂದನ ಮಿಷನ್ನನ್ನು ವಾಪಸು ಕೇಳಲು ಕೈ ನೀಡಿದಳು. ಪಟ್ಟಲಮ್ಮ ಆ ಕೈಯನ್ನು ಹಿಡಿದುಕೊಂಡು ತನ್ನ ಪಕ್ಕ ಕೂರಿಸಿಕೊಂಡಳೇ ಹೊರತು ಮಿಷನ್ನು ತೆಗೆಯಲಿಲ್ಲ. ಅದು ಅವತ್ತೇ ಮಳವಳ್ಳಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಾಯಿತು. ಶಿವಣ್ಣ ಮತ್ತೆ ಮಂಡ್ಯಕ್ಕೆ ಹೋಗಿ ಅಳತೆ ಕೊಡಬೇಕು.

"ಇನ್ ಹೇಳಪ್ಪ," ಎಂದಳು ಪಟ್ಟಲಮ್ಮ. "ಮಾತು ನಿನ್ ಬಾಯಿಂದ್ಲೇ ಬರ್ಬೇಕು. ನಂಗ್ ಬ್ಯಾರೆಯೋರ್ ಹೇಳಿದ್ ಬ್ಯಾಡ."

ಶಿವಣ್ಣ ಬರಿಗಿವಿಯಲ್ಲಿ ಹೋಗಿ ಕಂಬಕ್ಕೆ ಒರಗಿದ. ಈ ಸಲ ಕಣ್ಣು ಮುಚ್ಚಲಿಲ್ಲ. ಗೋಡೆ ನೋಡಲಿಲ್ಲ, ಸೂರು ನೋಡಲಿಲ್ಲ. ಪಟ್ಟಲಮ್ಮನ ಪಕ್ಕ ಕೂತಿದ್ದ ಮಗಳ ಮುಖವನ್ನೇ ನೋಡುತ್ತ ಕೂತ. ಲೋಟದಲ್ಲಿ ಕಾಫಿ ಆರುತ್ತಿತ್ತು. ಅವನ ಕಿವಿಯಲ್ಲಿ ಏನೂ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಚಂದನ ಹೂಂ ಎನ್ನುವಂತೆ ತಲೆಯನ್ನು ಸಣ್ಣಗೆ ಆಡಿಸಿದಳು, ಅವಳ ಮುಖದ ಬಿಗಿ ಸಡಿಲವಾಯಿತು.

ಶಿವಣ್ಣನಿಗೆ ತಿಳಿಯಿತು. ಎದ್ದು ನಿಂತು, ಮೂಡಲ ಗೋಡೆಗೆ ಕೈ ತೋರಿಸಿ, ಮೂರು ವರ್ಷ ಎದೆಯಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಊರಿಗೆಲ್ಲ ಕೇಳುವಂತೆ ಹೇಳಿದ.

"ಸುಭ."

ಹಿಂದೆಯೇ ಲೊಚಗುಟ್ಟಿದ್ದು ಬೇಡ ಎನ್ನುವ ಪಡುವಲ ಗೋಡೆಯ ಹಲ್ಲಿ. ವೀಣ ಅಡಿಗೆಮನೆಯ ಹೊಸ್ತಿಲಿಗೆ ಗೆಣ್ಣಿನಿಂದ ಬಡಿದು ಕೃಷ್ಣ ಕೃಷ್ಣ ಎಂದಳು, ಕಿವಿಯಲ್ಲಿ ಮಿಷನ್ನು ಇಟ್ಟುಕೊಂಡಿದ್ದ ಪಟ್ಟಲಮ್ಮನೂ ನೆಲಕ್ಕೆ ಬಡಿದು ಕೃಷ್ಣ ಕೃಷ್ಣ ಎಂದಳು. ಗೋಡೆ ತಪ್ಪಾಯಿತೆಂದು ಯಾರೂ ತಿದ್ದಲಿಲ್ಲ.